ಸುಗಲಾಳ ಕಾಲ್ಮರಿ

ಶಾಂತಪ್ಪ ಮೋಟಾರಿನಿಂದ ಇಳಿದು ಓಣಿಯೊಳಗೆ ಬಂದಾಗ ಅವನ ಕೈಯಲ್ಲಿ ಒಂದು ಜೊತೆ ತೊಗಲಿನ ಕಾಲ್ಮರಿ ಇದ್ದವು. ಗುರುಬಸವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಮೊಮ್ಮಗಳು ಸುಗಲಾಳಿಗೆ ತಿನ್ನಿಸುತ್ತಿದ್ದಳು. ಎಳ್ಳಮಾವಾಸ್ಯೆ ಕಳೆದು ಕೆಲವೇ ದಿನಗಳಾಗಿದ್ದವು. ತಿಕೋಟಾದ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಹಬ್ಬಕ್ಕೆ ಬಡಿದ ಸಜ್ಜೆರೊಟ್ಟಿ ಇನ್ನೂ ಬುಟ್ಟಿಯ ತಳದಲ್ಲಿ ಉಳಿದಿದ್ದವು. ಶೇಂಗಾ ಮಾರಲು ವಿಜಾಪುರಕ್ಕೆ ಹೋದ ಮಗ ಶಿವಯೋಗೆಪ್ಪ ಅಲ್ಲಿಯೇ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿ ಬಂದು, ಅವಳ ಗಂಡ ಶಂಕ್ರೆಪ್ಪ ಉಟ್ಟ ಬಟ್ಟೆಯಲ್ಲೇ ಹೊರಟು ಹೋಗಿದ್ದ. ನೆರೆಮನೆಯ ಶಾಂತಪ್ಪ ಜೊತೆಗೆ ಹೋಗಿದ್ದ.

ಈಗ ಶಾಂತಪ್ಪ ಒಬ್ಬನೇ ಬಂದ. ಕಾಲ್ಮರಿಗಳನ್ನು ಬಾಗಿಲ ಪಕ್ಕಕ್ಕೆ ಇಟ್ಟ. ತಲೆಯ ರುಮಾಲು ತೆಗೆದ.

ಆ ಕಾಲ್ಮರಿ ಯಾರವೆಂದು ಗುರುಬಸವ್ವನಿಗೆ ದೂರದಿಂದಲೇ ತಿಳಿದಿತ್ತು. ಹೊಲಿಸಿ ಎರಡು ವರ್ಷವಾದರೂ ಅಟ್ಟೆ ಸವೆದಿರಲಿಲ್ಲ. ಶಿವಯೋಗೆಪ್ಪನ ಪಾದ ತೆಳ್ಳಗೆ, ಉದ್ದಕ್ಕೆ ಎಲ್ಲರಂತೆಯೇ ಇದ್ದರೂ ಅಗಲ ಇರಲಿಲ್ಲ. ಯಾವ ಕಾಲ್ಮರಿಯೂ ನಿಲ್ಲುತ್ತಿರಲಿಲ್ಲ. ಅವನು ಅವನ್ನು ಗಂಟಿನಲ್ಲಿ ಕಟ್ಟಿಕೊಂಡು ಬರಿಗಾಲಲ್ಲಿ ನಡೆದು, ಪೇಟೆಯ ಅಂಗಡಿ ಬಂದಾಗ ಮಾತ್ರ ಮರ್ಯಾದೆಗೆ ಮೆಟ್ಟಿಕೊಳ್ಳುತ್ತಿದ್ದ.

"ಶಾಂತಪ್ಪಾ, ಇವನ್ನ ನೀ ಯಾಕ ತಂದಿ? ಅಂವ ಮೆಟಗೊಂಡ ಬರಲಿಲ್ಲೇನು?" ಎಂದಳು.

"ಅಂವ ಚಕ್ಕಡ್ಯಾಗ ಬರಾಕತ್ತಾನ ಬೇ," ಎಂದ ಶಾಂತಪ್ಪ. ಆಮೇಲೆ ಅವಳ ಮುಖ ನೋಡಲಾರದೆ, "ಶಂಕ್ರೆಪ್ಪಣ್ಣ ತರಾಕತ್ತಾನ," ಎಂದ.

ಕೂಸು ಬಾಯಿ ತೆರೆದು ಮುಂದಿನ ತುತ್ತಿಗೆ ಕಾಯುತ್ತಿತ್ತು. ಗುರುಬಸವ್ವ ಆ ತುತ್ತು ಕೊಟ್ಟಳು. ಬಟ್ಟಲು ಕೆಳಗಿಟ್ಟಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ನೀಲಾಬಾಯಿಯ ಕೈಸಪ್ಪಳ ಅಷ್ಟರಲ್ಲಿ ನಿಂತೇ ಹೋಗಿತ್ತು.

ಹಬ್ಬಕ್ಕೆ ಮೊದಲು ಹಳೆಯ ಚಕ್ಕಡಿಯ ಹಲಗೆ ಕೀಳುವಾಗ ತುಕ್ಕು ಹಿಡಿದ ಮೊಳೆಯೊಂದು ಶಿವಯೋಗೆಪ್ಪನ ಅಂಗಾಲಿಗೆ ಹೊಕ್ಕಿತ್ತು. ಅರಿಸಿನ ಸುಣ್ಣ ಕಟ್ಟಿದ್ದರು. ಗಾಯ ಮಾಯ್ದಂತೆ ಕಂಡಿತ್ತು. ಹಬ್ಬದ ದಿನ ಹೊಲದ ಸುತ್ತ ಅವನೇ ನೈವೇದ್ಯದ ಚರಗ ಚೆಲ್ಲಿದ್ದ. ವಿಜಾಪುರದಲ್ಲಿ ದವಡೆ ಬಿಗಿದು ಮೈ ಬಿಲ್ಲಿನಂತೆ ಬಾಗಿದಾಗ ದವಾಖಾನೆಗೆ ಮುಟ್ಟಿಸುವಷ್ಟರಲ್ಲಿ ಕೈಮೀರಿತ್ತು. ಮರುದಿನ ಹೊಲದ ಬನ್ನಿಮರದ ಪಕ್ಕದಲ್ಲಿ, ಊರಿನ ಜಂಗಮರಾದ ಈರಯ್ಯನವರು ಮುಂದೆ ನಿಂತು ಮಂತ್ರ ಹೇಳುತ್ತಿದ್ದಂತೆ, ಅವನನ್ನು ಮಣ್ಣಿಗೆ ಒಪ್ಪಿಸಿದರು.

ಬಂದುಹೋಗುವ ಮಂದಿ ಕಡಿಮೆಯಾದ ಮೇಲೆ ಗುರುಬಸವ್ವ ಒಂದು ಸಂಗತಿ ಗಮನಿಸಿದಳು. ನೀಲಾಬಾಯಿ ಕೂಸನ್ನು ನೆಲಕ್ಕೆ ಇಳಿಸುತ್ತಿರಲಿಲ್ಲ. ನೀರು ಸೇದುವಾಗ ಬೆನ್ನಿಗೆ ಕಟ್ಟಿಕೊಳ್ಳುವಳು, ರೊಟ್ಟಿ ಬಡಿಯುವಾಗ ತೊಡೆಯ ಮೇಲೆ ಕೂಡಿಸಿಕೊಳ್ಳುವಳು, ಹಿತ್ತಲಿಗೆ ಹೋಗುವಾಗಲೂ ಬಗಲಲ್ಲಿ. ಒಂದೂವರೆ ವರ್ಷದ ಸುಗಲಾ ಹಬ್ಬದ ಹೊತ್ತಿಗೆ ಆಗಷ್ಟೇ ಗೋಡೆ ಬಿಟ್ಟು ನಡೆಯತೊಡಗಿದ್ದಳು. ಈಗ ಇಳಿಸೆಂದು ಕಾಲು ಬಡಿದು ಅಳುತ್ತಿದ್ದಳು.

ಒಂದು ಸಂಜೆ ಊಟಕ್ಕೆ ಕೂತಾಗ ಗುರುಬಸವ್ವ ಇದನ್ನೇ ಎತ್ತಿದಳು. ಹೀಗೆ ಹೊತ್ತುಕೊಂಡೇ ತಿರುಗಿದರೆ ಹುಡುಗಿ ಕಲಿತ ನಡಿಗೆಯನ್ನೂ ಮರೆಯುತ್ತಾಳೆ ಎಂದಳು. ನೀಲಾಬಾಯಿ ಪುಂಡಿಪಲ್ಲೆ ಬಡಿಸುತ್ತ, ಕಾಲಿಗೆ ಏನಾದರೂ ತಂದುಕೊಟ್ಟರೆ ಇಳಿಸುತ್ತೇನೆ, ಅಲ್ಲಿಯತನಕ ಇಲ್ಲ ಎಂದಳು.

ಶಂಕ್ರೆಪ್ಪ ತಲೆ ಎತ್ತಿದ. ಅವನು ಮೂವತ್ತು ಎಕರೆ ಎರೆಹೊಲದ ಒಕ್ಕಲಿಗ. ಮಾತು ಕಡಿಮೆ, ಆಡಿದ್ದು ಒರಟು.

"ಹೆಣ್ಣುಕೂಸಿಗೆ ಬೂಟ ಹಾಕ್ತೀಯೇನು? ಊರಾಗಿನ ಹುಡುಗ್ರೆಲ್ಲಾ ಬರಿಗಾಲಾಗ ಅಡ್ಡಾಡತಾವ."

"ಇಕಿ ಅಪ್ಪಾರೂ ಬರಿಗಾಲಾಗ ಅಡ್ಡಾಡಿದ್ರಲ್ಲೇನ್ರಿ, ಮಾವ," ಎಂದಳು ನೀಲಾಬಾಯಿ.

ಶಂಕ್ರೆಪ್ಪ ಕೈಯಲ್ಲಿದ್ದ ರೊಟ್ಟಿ ಗಂಗಾಳದಲ್ಲಿ ಇಟ್ಟು ಎದ್ದ. ಆದರೆ ಮುಂದಿನ ವಾರ ವಿಜಾಪುರಕ್ಕೆ ಹೊರಟಾಗ ಕೂಸಿನ ಹಿಮ್ಮಡದಿಂದ ಹೆಬ್ಬೆರಳಿನ ತನಕ ಒಂದು ದಾರ ಹಿಡಿದು ಅಳೆದು, ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಯುದ್ಧದಿಂದ ಪೆಟ್ರೋಲು ಸಿಗದೆ, ಇದ್ದಲಿನಿಂದ ಓಡುವ ಮೋಟಾರು ಏರು ಬಂದಲ್ಲೆಲ್ಲ ನಿಂತು ನಿಂತು ಹೋಗುತ್ತಿದ್ದ ಕಾಲ ಅದು. ಹೋಗಿಬರುವುದಕ್ಕೇ ಒಂದು ದಿನ.

ಅವನು ಅಲ್ಲಿನ ಲಾಡಲೇಸಾಬನ ಅಂಗಡಿಯಿಂದ ಕೆಂಪು ಬೂಟು ತಂದ. ಮೇಲೊಂದು ಪಟ್ಟಿ, ಪಟ್ಟಿಗೊಂದು ಹಿತ್ತಾಳೆ ಗುಂಡಿ. ನೋಡಲು ಚೆಂದವಿತ್ತು. ದಾರದ ಅಳತೆಗೆ ಉದ್ದವೂ ಸರಿಯಾಗಿತ್ತು. ಆದರೆ ಸುಗಲಾಳ ಕಾಲು ಅದರೊಳಗೆ ಹೋದದ್ದು ಕಾಳು ತುಂಬುವ ಹಗೇವಿಗೆ ಇಳಿದಂತಾಯಿತು. ಪಕ್ಕದಲ್ಲಿ ಇನ್ನೊಂದು ಕಾಲು ಹಿಡಿಸುವಷ್ಟು ಜಾಗ.

ಗುರುಬಸವ್ವ ಅರಳೆ ತುರುಕಿದಳು. ಕೂಸು ಪಡಸಾಲೆಯಲ್ಲಿ ಎರಡು ಹೆಜ್ಜೆ ನಡೆಯಿತು. ಬೂಟು ಹಿಂದೆಯೇ ನಿಂತಿತು, ಕಾಲು ಮುಂದೆ ಹೋಯಿತು. ಸುಗಲಾ ತಿರುಗಿ ನಿಂತು ಬೂಟನ್ನು ನೋಡಿ, ಎರಡೂ ಅಂಗೈ ತೆರೆದು ತೋರಿಸಿ, "ಹೋತು," ಎಂದಳು.

ಮಗ ಸತ್ತ ಮೇಲೆ ಆ ಮನೆಯಲ್ಲಿ ಮೊದಲ ಸಲ ಎಲ್ಲರೂ ನಕ್ಕರು. ನಕ್ಕ ಮೇಲೆ ನಾಚಿಕೆಯಾಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶಂಕ್ರೆಪ್ಪ ಬೂಟು ತಿರುಗಿಸಿ ಕೊಟ್ಟು ಸಣ್ಣವು ತಂದ. ಅವು ಬೆರಳು ಕಚ್ಚಿದವು, ಆದರೂ ಮಗ್ಗುಲಲ್ಲಿ ಸಡಿಲವೇ ಉಳಿದವು. ಇಂಥ ಕಾಲು ತನ್ನ ಅಂಗಡಿಯ ಯಾವ ಡಬ್ಬಿಯಲ್ಲೂ ಇಲ್ಲವೆಂದೂ, ಊರಲ್ಲೇ ಹೊಲಿಸಿಕೊಳ್ಳುವುದು ಒಳ್ಳೆಯದೆಂದೂ ಲಾಡಲೇಸಾಬ ಹೇಳಿ ಕಳಿಸಿದ್ದ.

ಊರಲ್ಲಿ ಹೊಲಿಯುವವನು ಭಾಗಪ್ಪ. ಅವನ ಅಪ್ಪನ ಕಾಲದಿಂದಲೂ ಈ ಮನೆಯ ಕಾಲ್ಮರಿ, ತೊಗಲಿನ ಮಿಣಿ ಹಗ್ಗ, ಬಾರುಕೋಲು ಎಲ್ಲ ಅವರ ಕೈಯವೇ. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಒಯ್ಯುತ್ತಿದ್ದರು. ಅಳತೆ ಕೊಡುವುದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಭಾಗಪ್ಪ ಅಂಗಳದ ಅಂಚಿನಲ್ಲಿ ಕೂಡುವನು. ಮನೆಯವರು ಒಂದು ಹಲಗೆಯ ಮೇಲೆ ಬೂದಿ ಹರಡಿ ಅದರ ಮೇಲೆ ಕಾಲು ಊರಿ, ಆ ಹಲಗೆಯನ್ನು ನಡುವೆ ಇಟ್ಟು ಹಿಂದೆ ಸರಿಯುವರು. ಆಗ ಅವನು ಬಂದು ಬೂದಿಯಲ್ಲಿ ಮೂಡಿದ ಹೆಜ್ಜೆಗೆ ಕಡ್ಡಿ ಹಿಡಿದು ಅಳೆದುಕೊಳ್ಳುವನು. ಅವನ ಕೈ ಮನೆಯವರ ಕಾಲಿಗೆ ತಾಕುವಂತಿರಲಿಲ್ಲ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಬಾವಿಯ ನೀರು ಕೇಳದೆ ಕುಡಿದಂತೆ ಅದೂ ನಡೆದುಕೊಂಡು ಬಂದಿತ್ತು.

ಸುಗಲಾಳ ಹೆಜ್ಜೆಯೂ ಬೂದಿಯಲ್ಲಿ ಮೂಡಿತು. ಭಾಗಪ್ಪ ಹೊಲಿದು ತಂದ. ಕೆಂಪು ಬೂಟಿನಷ್ಟಲ್ಲದಿದ್ದರೂ ಇವೂ ಸಡಿಲವೇ. ಶಂಕ್ರೆಪ್ಪ ರೇಗಿದ. ಭಾಗಪ್ಪ ಮುಖ ಗಂಟಿಕ್ಕಿಕೊಂಡು ಒಯ್ದು, ಹಿಂದೊಂದು ಮುಂದೊಂದು ಬಾರು ಹೆಚ್ಚಿಗೆ ಹಚ್ಚಿ ತಂದ. ಬಿಗಿದು ಕಟ್ಟಿದರೆ ಬಾರು ಕಾಲನ್ನು ತಿನ್ನುತ್ತಿತ್ತು, ಸಡಿಲ ಬಿಟ್ಟರೆ ಕಾಲ್ಮರಿ ಒಳಗೇ ತಿರುಗುತ್ತಿತ್ತು. ಒಂದು ಮುಂಜಾನೆ ಹಾಗೆ ತಿರುಗಿದ ಕಾಲ್ಮರಿ ಹೊಸ್ತಿಲಿಗೆ ಸಿಕ್ಕು, ಸುಗಲಾ ಬೋರಲು ಬಿದ್ದಳು. ತುಟಿ ಸೀಳಿ ನೆತ್ತರು ಬಂತು.

ನೀಲಾಬಾಯಿ ಓಡಿ ಬಂದು ಕೂಸನ್ನು ಎತ್ತಿಕೊಂಡಳು. ಸೆರಗಿನಿಂದ ತುಟಿ ಒತ್ತಿ ಹಿಡಿದಳು. ಗುರುಬಸವ್ವ ಅರಿಸಿನ ತರಲು ತಿರುಗಿದಾಗ ಅವಳು ಹಿಂದಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ ಅಂದಳು:

"ನಿಮ್ಮ ಕೈಲೆ ಆಗೇತಿ ಇದು, ಅತ್ತಿ."

"ಏನಂದಿ?"

"ದಿನಾ ಎರೀವಾಗ ಕಾಲು ಒತ್ತಿ ಒತ್ತಿ ಸೌತಿಕಾಯಿ ಮಾಡಿಟ್ರಿ. ಅವರಿಗೂ ಹಂಗ ಮಾಡಿದ್ರಿ. ಅದಕ್ಕ ಅವರ ಕಾಲಾಗ ಏನೂ ನಿಲ್ಲಲಿಲ್ಲ. ಬರಿಗಾಲಾಗ ತಿರುಗಿ ತಿರುಗಿ ಹೋದ್ರು."

ಗುರುಬಸವ್ವ ಕೂಸುಗಳಿಗೆ ಎರೆಯುವುದರಲ್ಲಿ ಓಣಿಗೆಲ್ಲ ಹೆಸರಾದವಳು. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡು, ಬೆಚ್ಚಗಿನ ಎಣ್ಣೆ ತೀಡಿ, ಮೂಗು ಎತ್ತಿ, ತಲೆ ದುಂಡಗೆ ಮಾಡಿ, ಕೈಕಾಲು ಎಳೆದು ಒತ್ತಿ ನೀರು ಹಾಕಿದರೆ ಕೂಸು ಹೊತ್ತು ಮುಳುಗುವತನಕ ಮಲಗುತ್ತಿತ್ತು. ಆ ಕೈಗಳನ್ನು ಅವಳು ಈಗ ತನ್ನ ಮುಂದೆ ಹಿಡಿದು ನೋಡಿಕೊಂಡಳು. ಅರಿಸಿನದ ಡಬ್ಬಿ ಅಲ್ಲೇ ಉಳಿಯಿತು.

ಮರುದಿನ ನೀಲಾಬಾಯಿ ಬಬಲೇಶ್ವರದ ತವರಿಗೆ ಹೊರಟಳು. ಎಷ್ಟು ದಿನಕ್ಕೆಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಶಂಕ್ರೆಪ್ಪ ಚಕ್ಕಡಿ ಹೂಡಿದ. ಸುಗಲಾ ತಾಯಿಯ ಹೆಗಲ ಮೇಲಿಂದ ಅಜ್ಜಿಯ ಕಡೆ ಅಂಗೈ ತೆರೆದು, "ಹೋತು," ಎಂದಳು.

ಮನೆಯಲ್ಲಿ ಇಬ್ಬರೇ ಉಳಿದರು. ಗುರುಬಸವ್ವ ಕೈ ರೂಢಿಗೆ ಹೆಚ್ಚು ರೊಟ್ಟಿ ಬಡಿಯುವಳು. ಉಳಿದದ್ದು ಎತ್ತಿಗೆ ಹೋಗುವುದು. ಒಂದು ದಿನ ಅವಳು ಅಟ್ಟದ ಮೇಲೆ ಮಗನ ಕಾಲ್ಮರಿ ಹುಡುಕಿದಳು. ಅಲ್ಲಿ ಇರಲಿಲ್ಲ. ಸತ್ತವರ ಕಾಲ್ಮರಿ ಮನೆಯಲ್ಲಿ ಇಡಬಾರದೆಂದು ಶಂಕ್ರೆಪ್ಪ ಯಾರಿಗೋ ಕೊಟ್ಟಿರಬೇಕೆಂದು ಎಣಿಸಿ ಅವನ ಮೇಲೆ ಹಾಯ್ದಳು. ತಾನು ಮುಟ್ಟಿಲ್ಲವೆಂದು ಅವನು ಆಣೆ ಮಾಡಿದ. ಅವಳು ನಂಬಲಿಲ್ಲ. ಆ ದಿನ ಇಬ್ಬರೂ ಉಣ್ಣಲಿಲ್ಲ.

ಓಣಿಯ ಕೊನೆಯ ಮನೆಯ ಪೀರಾಂಬಿ ತನ್ನ ಮಗಳ ಬಾಣಂತನಕ್ಕೆ ಕೂಸಿಗೆ ಎರೆಯಲು ಕರೆಯಬಂದಳು. ಪೀರಾಂಬಿಯ ಮಕ್ಕಳಿಗೆಲ್ಲ ಗುರುಬಸವ್ವನೇ ನೀರು ಹಾಕಿದ್ದಳು. ಈ ಸಲ ಅವಳು ಜಗುಲಿಯಿಂದ ಏಳಲಿಲ್ಲ.

"ಬ್ಯಾರೆ ಯಾರನ್ನರ ನೋಡು ಪೀರಾಂಬಿ. ನನ್ನ ಕೈ ಬ್ಯಾಡ."

ಪೀರಾಂಬಿ ಹೋದ ಮೇಲೆ ಶಂಕ್ರೆಪ್ಪ ಗೋಡೆಗೆ ಒರಗಿ ಕೂತವನು, ಮಕ್ಕಳು ಸಿಟ್ಟಿನಲ್ಲಿ ಆಡಿದ ಮಾತು ಹಿಡಿದುಕೊಂಡು ಕೂಡಬಾರದು ಎಂದ.

"ಸಿಟ್ಟಿನಾಗ ಅಂದ್ರೂ ಖರೆ ಇದ್ರ?" ಎಂದಳು ಗುರುಬಸವ್ವ.

ಶಂಕ್ರೆಪ್ಪ ಎದ್ದು ಹೊರಗೆ ಹೋದ. ಭಾಗಪ್ಪನಿಗೆ ಹೇಳಿ, ಅದೇ ಹಲಗೆಯ ಹಳೆಯ ಅಳತೆಗೆ ಸ್ವಲ್ಪ ಕಡಿಮೆ ಹಿಡಿದು ಮತ್ತೊಂದು ಜೊತೆ ಮಾಡಿಸಿದ. ಮರುದಿನದ ಬಬಲೇಶ್ವರ ಸಂತೆಗೆ ಹೊರಟಿದ್ದ ಚಕ್ಕಡಿಯೊಂದರಲ್ಲಿ ಅವಳನ್ನು ಕೂಡಿಸಿ, ನೀನೇ ಒಯ್ದು ಹಾಕಿ ನೋಡು ಎಂದ. ಕೂಸನ್ನು ನೋಡದೆ ಅವಳು ಒಣಗುತ್ತಿದ್ದಾಳೆಂಬುದು ಅವನಿಗೆ ತಿಳಿದಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಅವನಿಂದ ಆಗುತ್ತಿರಲಿಲ್ಲ.

ಬಬಲೇಶ್ವರದ ಮನೆಯಲ್ಲಿ ನೀಲಾಬಾಯಿಯ ತಾಯಿ ಅಕ್ಕನಾಗಮ್ಮ ಒಬ್ಬಳೇ ಹಿರಿಯಳು. ಗಂಡನನ್ನು ಕಳೆದುಕೊಂಡ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು, ಒಂದು ಎಮ್ಮೆ ಕಟ್ಟಿಕೊಂಡು ಬದುಕು ಸಾಗಿಸಿದ್ದಳು. ಬೀಗತಿಯನ್ನು ಕೈಹಿಡಿದು ಒಳಗೆ ಕರೆದಳು, ಕಾಲಿಗೆ ನೀರು ಕೊಟ್ಟಳು. ನೀಲಾಬಾಯಿ ತಲೆಬಾಗಿ ಚಹಾ ತಂದಿಟ್ಟು ಹಿತ್ತಲಿಗೆ ಹೋದಳು. ಸುಗಲಾ ಮಾತ್ರ ಓಡಿ ಬಂದು ಅಜ್ಜಿಯ ಮೊಣಕಾಲಿಗೆ ಜೋತುಬಿದ್ದಳು. ಅವಳು ಬರಿಗಾಲಲ್ಲೇ ಇದ್ದಳು. ಮನೆಯ ಒಳಗೆಲ್ಲ ನೀಲಾಬಾಯಿ ಗೋಣಿತಟ್ಟು ಹಾಸಿದ್ದಳು.

ತಂದ ಕಾಲ್ಮರಿ ಹಾಕಿ ನೋಡಿದ್ದಾಯಿತು. ಅವೂ ಉಳಿಯಲಿಲ್ಲ.

ಮರುದಿನ ಮುಂಜಾನೆ ಹಂಡೆಯ ನೀರು ಕಾದಾಗ ಅಕ್ಕನಾಗಮ್ಮ ಎಣ್ಣೆಯ ಬಟ್ಟಲು ತಂದು ಗುರುಬಸವ್ವನ ಮುಂದೆ ಇಟ್ಟಳು.

"ನೀವ ಎರೀರಿ, ಅಕ್ಕಾರ. ನನ್ನ ಕಡೆ ಭಾಳ ಕಿರಚತೈತಿ."

"ನಾ ಒಲ್ಲೆ," ಎಂದಳು ಗುರುಬಸವ್ವ. "ನಿಮ್ಮ ಮಗಳು ಹೇಳಿಲ್ಲೇನು?"

"ಹೇಳ್ಯಾಳ, ಬಿಡ್ರಿ. ಹುಟ್ಟಿದ ದಿನದಿಂದ ಐದು ತಿಂಗಳು ಎರದಾಕಿ ನಾನ ಅಲ್ರಿ? ನನ್ನ ಮಡಲಿಗೆ ಬಂದಾಗನ ಕಾಲು ಹಿಂಗ ಇತ್ತು, ಮಾವಿನ ಎಲಿ ಇದ್ಹಂಗ. ಆಕೀಗೂ ಗೊತ್ತೈತಿ. ಗಂಡ ಸತ್ತ ಹುಡುಗಿ, ಯಾರನ್ನರ ಬೈಬೇಕಲ್ರಿ. ದೇವರನ್ನ ಬೈದ್ರ ತಪ್ಪಾಗತೈತಿ, ನಿಮ್ಮನ್ನ ಬೈದಾಳ."

ಹಿತ್ತಲ ಬಾಗಿಲಲ್ಲಿ ಎಮ್ಮೆಗೆ ಕಣಿಕೆ ಹಾಕುತ್ತಿದ್ದ ನೀಲಾಬಾಯಿ ಈ ಮಾತು ಕೇಳಿಯೂ ಕೇಳದಂತೆ ನಿಂತಳು.

ಗುರುಬಸವ್ವ ಕೂಸನ್ನು ಮೊಣಕಾಲ ಮೇಲೆ ಹಾಕಿಕೊಂಡಳು. ಎಣ್ಣೆ ತೀಡುತ್ತ ಕಾಲಿಗೆ ಬಂದಾಗ ಒತ್ತಲು ಮನಸ್ಸಾಗದೆ ಸುಮ್ಮನೆ ಅಂಗೈಯಲ್ಲಿ ಹಿಡಿದುಕೊಂಡಳು. ಹಿಮ್ಮಡ ಅಡಿಕೆಯಷ್ಟು ಸಣ್ಣದು, ಎರಡು ಬೆರಳ ನಡುವೆ ಕೂಡುತ್ತಿತ್ತು. ಅಂಗಾಲಿನ ನಡುಭಾಗ ಮೇಲೆದ್ದಿತ್ತು. ಒತ್ತಿ ಆದದ್ದಲ್ಲವೆಂದು ಬೀಗತಿ ಹೇಳಿದರೂ ಅವಳ ಎದೆಯ ಭಾರ ಇಳಿದಿರಲಿಲ್ಲ. ಒತ್ತಿದ್ದರಿಂದ ಅಲ್ಲವಾದರೆ, ಅಳತೆ ಕೊಟ್ಟು ಹೊಲಿಸಿದ ಕಾಲ್ಮರಿಯೂ ಈ ಕಾಲಿಗೆ ಯಾಕೆ ಕೂಡಲಿಲ್ಲ? ಅತ್ತೆ ಸೊಸೆಯ ಜಗಳಕ್ಕಿಂತ ದೊಡ್ಡ ಪ್ರಶ್ನೆ ಅದೇ ಆಗಿ ಕೂತಿತ್ತು.

ನೀರು ಹಾಕಿ ಮುಗಿಸಿ ಮೈ ಒರೆಸುವಷ್ಟರಲ್ಲಿ ಸುಗಲಾ ಕೈ ಜಾರಿಸಿಕೊಂಡು ಓಡಿದಳು. ಒಲೆಯ ಮುಂದೆ ಎಳೆದಿಟ್ಟಿದ್ದ ಬೂದಿಯನ್ನು ತುಳಿದುಕೊಂಡೇ ಹೋದಳು. ಬೂದಿಯಲ್ಲಿ ಒಂದು ಹೆಜ್ಜೆ ಉಳಿಯಿತು.

ಗುರುಬಸವ್ವ ಆ ಹೆಜ್ಜೆ ನೋಡಿದಳು. ಅಗಲವಾಗಿತ್ತು. ಊರಿದ ಭಾರಕ್ಕೆ ಬೆರಳು ಹರಡಿ, ಬೂದಿ ಎರಡೂ ಕಡೆ ಸರಿದು, ಯಾರೋ ಬೇರೆ ಕೂಸಿನ ಹೆಜ್ಜೆಯಂತೆ ಕಾಣುತ್ತಿತ್ತು. ಅವಳ ಅಂಗೈಯಲ್ಲಿ ಇನ್ನೂ ಆ ಕಾಲಿನ ಬಿಸುಪು ಇತ್ತು. ಕೈ ಹೇಳಿದ ಕಾಲು ಒಂದು, ಬೂದಿ ತೋರಿಸಿದ ಕಾಲು ಇನ್ನೊಂದು.

ಅವಳಿಗೆ ಶಿವಯೋಗೆಪ್ಪನ ಮೊದಲ ಕಾಲ್ಮರಿಯ ದಿನ ಕಣ್ಣ ಮುಂದೆ ಬಂತು. ಭಾಗಪ್ಪನ ಅಪ್ಪ ಅಂಗಳದ ಅಂಚಿನಲ್ಲಿ ಕೂತಿದ್ದ. ಮಗು ತಾನಾಗಿ ನಡೆದು ಅವನ ಹತ್ತಿರ ಹೋಗಿತ್ತು. ಅವನು ನಕ್ಕು ಕಾಲು ಹಿಡಿಯಲು ಕೈ ಚಾಚಿದ್ದ. ಬಾಗಿಲಲ್ಲಿ ತನ್ನ ಅತ್ತೆ ನಿಂತು ನೋಡುತ್ತಿದ್ದಳು. ತಾನು, ಹರೆಯದ ಸೊಸೆ, ಓಡಿ ಹೋಗಿ ಮಗುವನ್ನು ಕಸಿದುಕೊಂಡು, "ಬೂದ್ಯಾಗ ನೋಡಕೋ," ಎಂದಿದ್ದಳು. ಅವನ ಕೈ ಚಾಚಿದಲ್ಲೇ ಉಳಿದಿತ್ತು.

ಅದು ಬಬಲೇಶ್ವರದ ಸಂತೆಯ ದಿನ. ಗುರುಬಸವ್ವ ಕೂಸಿಗೆ ಅಂಗಿ ಹಾಕಿ, ಎತ್ತಿಕೊಂಡು, ಯಾರಿಗೂ ಹೇಳದೆ ಹೊರಬಿದ್ದಳು. ಎಲ್ಲಿಗೆ ಒಯ್ಯುತ್ತೀರೆಂದು ಕೇಳುತ್ತ ನೀಲಾಬಾಯಿ ಹಿಂದೆಯೇ ಬಂದಳು. ಇವಳು ತಿರುಗಿ ನೋಡಲಿಲ್ಲ.

ಮೆಣಸಿನಕಾಯಿ, ಬೆಲ್ಲ, ಗಡಿಗೆಗಳ ಸಾಲು ದಾಟಿದರೆ ಸಂತೆಯ ಕೊನೆಯಲ್ಲಿ, ವಾರವಾರವೂ ತಿಕೋಟಾದಿಂದ ಬರುವ ಭಾಗಪ್ಪ ಗೋಣಿಯ ಮೇಲೆ ಕಾಲ್ಮರಿ ಹರವಿಕೊಂಡು ಕೂತಿದ್ದ. ಅವಳನ್ನು ಕಂಡು, ಮತ್ತೆ ಏನು ಬೈಗುಳ ಬಂತೋ ಎಂದುಕೊಂಡು ಎದ್ದು ನಿಂತ.

"ಭಾಗಪ್ಪಾ, ಇವತ್ತ ಬೂದಿ ಇಲ್ಲ. ಕೈಯಾಗ ಹಿಡದು ನೋಡು."

ಭಾಗಪ್ಪ ಅತ್ತಿತ್ತ ನೋಡಿದ. "ಯವ್ವಾ, ಮಂದಿ ನೋಡಾಕತ್ತಾರ್ರಿ."

"ನೋಡ್ಲಿ."

"ನಿಮಗೇನ್ರಿ. ನಾಳೆ ಧಣ್ಯಾರು ಕೇಳಿದ್ರ ನನ್ನ ಬೈತಾರ, ನಿಮ್ಮನ್ನಲ್ಲ. ಸುಗ್ಗ್ಯಾಗ ಕಣಕ್ಕ ಬರಬ್ಯಾಡಂದ್ರ ನಾ ಎಲ್ಲಿಗಿ ಹೋಗ್ಲಿ?"

ಅದು ಸುಳ್ಳಾಗಿರಲಿಲ್ಲ. ಗುರುಬಸವ್ವ ಕೂಸನ್ನು ಇನ್ನೊಂದು ಬಗಲಿಗೆ ಸರಿಸಿಕೊಂಡಳು. ಆಮೇಲೆ, "ಕಣದಾಗ ಜೋಳ ಅಳದು ಹಾಕಾಕಿ ನಾನು. ನಾ ಇರೂತನಕ ನಿನ್ನ ಪಾಲು ತಪ್ಪೂದಿಲ್ಲ. ಕೂಡು," ಎಂದಳು.

ಅವನು ಕೂತ. ಅವಳು ಬಾಗಿ ಸುಗಲಾಳನ್ನು ಅವನ ತೊಡೆಯ ಮೇಲೆ ಕೂಡಿಸಿದಳು. ಬೆಲ್ಲದ ಅಂಗಡಿಯ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದು ಪಕ್ಕದವಳಿಗೆ ಏನೋ ಹೇಳಿದಳು. ಕೂಸಿಗೆ ಅದೊಂದೂ ತಿಳಿಯದು; ಅದು ಭಾಗಪ್ಪನ ತೊಗಲು ಬಡಿಯುವ ಕೊಡತಿಯನ್ನು ಎರಡೂ ಕೈಯಿಂದ ಎತ್ತಲು ನೋಡುತ್ತಿತ್ತು. ಭಾಗಪ್ಪ ಹೆಗಲ ಅರಿವೆಯಿಂದ ಕೈ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ, ಆಮೇಲೆ ಕಾಲು ಹಿಡಿದ.

"ಅಯ್ಯ ಶಿವನ, ಇಷ್ಟ ಐತೇನ್ರಿ ಇದು? ಒಂದೊಂದು ಕಾಲ್ಮರ್ಯಾಗ ನಾ ಎರಡೆರಡು ಕಾಲಿಗಿ ಆಗೂವಷ್ಟು ಹೊಲದೇನಲ್ರಿ." ಅವನು ಹೆಬ್ಬೆರಳಿನಿಂದ ನಡುಕಾಲು ಮುಟ್ಟಿ ನೋಡುತ್ತ ಒಂದು ಗಳಿಗೆ ತಡೆದು ಕೇಳಿದ: "ನಿಮ್ಮ ಮಗಂದೂ ಹಿಂಗ ಇತ್ತೇನ್ರಿ? ಆ ಮನಿ ಹುಡುಗನ ಕಾಲ್ಮರಿ ಒಂದು ತನಗ ಕೂಡಿ ಬರಲಿಲ್ಲಂತ ನಮ್ಮಪ್ಪ ಸಾಯೂತನಕ ಅಂತಿದ್ದ."

ಗುರುಬಸವ್ವ ಸೊಸೆಯ ಕಡೆ ತಿರುಗಿದಳು.

"ನನ್ನ ಕೈಲೆ ಆಗೇತಿ ಅಂದೆಲ್ಲ, ನೀಲಾ. ಖರೆ ಐತಿ. ಒತ್ತಿದ್ದಕ್ಕಲ್ಲ. ಈ ಭಾಗಪ್ಪನ ಅಪ್ಪ ನಿನ್ನ ಗಂಡನ ಕಾಲು ಮುಟ್ಟಾಕ ಬಂದಾಗ ಕೂಸನ್ನ ಕಸಗೊಂಡೆ ನೋಡು, ಅದಕ್ಕ."

ನೀಲಾಬಾಯಿ ಅತ್ತೆಯನ್ನೇ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಸಂತೆಯ ಮಂದಿಯ ನಡುವೆ ನಡೆದು ಹೋದಳು.

ಹೋದಳು, ಇನ್ನು ತಿಕೋಟಾಕ್ಕೆ ಬರಲಾರಳು ಎಂದುಕೊಂಡಳು ಗುರುಬಸವ್ವ. ಅಲ್ಲೇ ಗೋಣಿಯ ಅಂಚಿನಲ್ಲಿ ಕೂತಳು. ಭಾಗಪ್ಪ ತನ್ನ ಪಾಡಿಗೆ ದಾರ ಸುತ್ತಿ ಅಳತೆ ತೆಗೆಯುತ್ತ, ಈಗ ಒಳ್ಳೆಯ ತೊಗಲು ಸಿಗುವುದಿಲ್ಲ, ಇದ್ದದ್ದೆಲ್ಲ ಯುದ್ಧದ ದಂಡಿಗೆ ಹೋಗುತ್ತದೆ, ಇರುವುದು ಬಿರುಸು, ಎಳೆಯ ಕಾಲಿಗೆ ಆಗದು ಎಂದು ಹೇಳುತ್ತಿದ್ದ.

ಅವನು ಅಳತೆ ತೆಗೆದು ಮುಗಿಸುವಷ್ಟರಲ್ಲಿ ನೀಲಾಬಾಯಿ ಬಂದಳು. ಮನೆಗೆ ಹೋಗಿ ಓಡಿ ಬಂದಿದ್ದರಿಂದ ಏದುಸಿರು. ಕೈಯಲ್ಲಿ ಹಳೆಯ ಕುಪ್ಪಸದ ಅರಿವೆಯಲ್ಲಿ ಸುತ್ತಿದ ಗಂಟು. ಅದನ್ನು ಬಿಚ್ಚಿ ಭಾಗಪ್ಪನ ಮುಂದೆ ಇಟ್ಟಳು. ಶಿವಯೋಗೆಪ್ಪನ ಕಾಲ್ಮರಿ. ಎಣ್ಣೆ ಹಚ್ಚಿ ಮೆತ್ತಗೆ ಇಟ್ಟಿದ್ದಳು.

"ಇದರಾಗ ಹೊಲಿ, ಭಾಗಪ್ಪಣ್ಣ. ಅವರಿಗಂತೂ ಬರಲಿಲ್ಲ, ಇಕೀಗರ ಬರಲಿ."

ಗುರುಬಸವ್ವ ಕೈ ಚಾಚಿ ಒಂದು ಕಾಲ್ಮರಿ ಮುಟ್ಟಿದಳು. "ಇದಕ್ಕ ನಿಮ್ಮ ಮಾವನ ಕೂಡ ಜಗಳಾಡಿ ಉಪಾಸ ಮಲಗೀನಿ," ಎಂದಳು. ನೀಲಾಬಾಯಿಗೆ ನಗೆ ಬಂತು, ನಗುತ್ತಿದ್ದಂತೆಯೇ ಕಣ್ಣೀರು ಇಳಿಯಿತು. ಗಂಡ ಸತ್ತ ದಿನದಿಂದ ಅಳದ ಹುಡುಗಿ ಸಂತೆಯ ನಡುವೆ ಅತ್ತೆಯ ಹೆಗಲಿಗೆ ಮುಖ ಹಚ್ಚಿ ಅತ್ತಳು. ಭಾಗಪ್ಪ ಕೂಸಿನ ಕೈಯಿಂದ ಕೊಡತಿ ಬಿಡಿಸಿಕೊಳ್ಳುವ ಕೆಲಸದಲ್ಲಿ ಮೈಮರೆತವನಂತೆ ತಲೆ ಬಗ್ಗಿಸಿದ್ದ.

ಗುರುಬಸವ್ವ ತಿಕೋಟಾಕ್ಕೆ ಮರಳುವ ಮೊದಲೇ ಸುದ್ದಿ ಮರಳಿತ್ತು. ಸಂತೆಗೆ ಹೋದ ಚಕ್ಕಡಿಗಳಿಗೆ ಅಷ್ಟು ಸಾಕು. ಶಂಕ್ರೆಪ್ಪ ಊಟಕ್ಕೆ ಕೂತ. ಎರಡನೆಯ ರೊಟ್ಟಿ ಮುರಿಯುವಾಗ, ಈರಯ್ಯನವರನ್ನು ಕೇಳಿ ಮಾಡಬೇಕಿತ್ತು ಎಂದ. ಶಿವನ ಮನೆಯಲ್ಲಿ ಯಾರ ಕೈಯೂ ಯಾರಿಗೂ ಮೈಲಿಗೆಯಲ್ಲ ಎಂದು ಈರಯ್ಯನವರೇ ಪ್ರತಿ ಸೋಮವಾರ ಹೇಳುತ್ತಾರೆ, ನಾವೇ ಕೇಳುವುದಿಲ್ಲ ಎಂದಳು ಗುರುಬಸವ್ವ. ಅವನು ಮಜ್ಜಿಗೆ ಕುಡಿದು ಎದ್ದ. ಕೈ ತೊಳೆಯುತ್ತ, ಬೆನ್ನು ಈ ಕಡೆ ಇರುವಾಗಲೇ ಕೇಳಿದ:

"ಹಿಡಿದು ನೋಡಿದ್ನ? ಬರೋಬ್ಬರಿ ಆಗತೈತಂತ?"

"ಆಗತೈತಂತ."

"ಹೂಂ," ಎಂದ ಶಂಕ್ರೆಪ್ಪ. ಮರುದಿನ ಅವನು ಪೀರಾಂಬಿಯ ಮನೆಯ ಮುಂದೆ ಹಾದು ಹೋಗುವಾಗ, ಕೂಸಿಗೆ ಎರೆಯಲು ತನ್ನ ಹೆಂಡತಿ ನಾಳೆಯಿಂದ ಬರುತ್ತಾಳೆಂದು ಹೇಳಿ ಹೋದ. ಗುರುಬಸವ್ವ ಹೋದಳು.

ಮುಂದಿನ ಸಂತೆಗೆ ಭಾಗಪ್ಪ ಕಾಲ್ಮರಿ ತಂದ. ಅಂಗೈಯಲ್ಲಿ ಎರಡೂ ಹಿಡಿಸುವಷ್ಟು ಸಣ್ಣವು, ಹುರಳಿಕಾಯಿಯಂತೆ ಸಪೂರದವು. ಅಕ್ಕನಾಗಮ್ಮನ ಅಂಗಳದಲ್ಲಿ ತಾನೇ ಕೂತು ತೊಡಿಸಿದ. ಸುಗಲಾ ಎದ್ದು ಎರಡು ಹೆಜ್ಜೆ ನಡೆದಳು. ಆಮೇಲೆ ರೂಢಿಯಂತೆ ನಿಂತು, ಅಂಗೈ ತೆರೆದುಕೊಂಡು, "ಹೋತು" ಎನ್ನಲು ಹಿಂದೆ ತಿರುಗಿದಳು. ಹಿಂದೆ ಏನೂ ಇರಲಿಲ್ಲ. ಕಾಲು ನೋಡಿಕೊಂಡಳು. ಮತ್ತೆ ಹಿಂದೆ ನೋಡಿದಳು. ಅಂಗೈ ಹಾಗೆಯೇ ತೆರೆದುಕೊಂಡು ಮುಂದೆ ನಡೆದಳು.

ಯುಗಾದಿಯ ಅಮಾವಾಸ್ಯೆಗೆ ಎರಡು ದಿನ ಮೊದಲೇ ನೀಲಾಬಾಯಿ ಟ್ರಂಕಿನ ಸಮೇತ ತಿಕೋಟಾಕ್ಕೆ ಬಂದಳು. ಅವಳು ಬರುವ ಹಿಂದಿನ ಸಂಜೆ ಭಾಗಪ್ಪ ಮಿಣಿ ಕೊಡಲು ಬಂದಾಗ ಶಂಕ್ರೆಪ್ಪ ಕಟ್ಟೆಯ ಮೇಲೆ ಕೂತಿದ್ದವನು, ಬೀದಿಯ ಕಡೆ ನೋಡುತ್ತಲೇ ತನ್ನ ಒರಟು ಕಾಲು ಮುಂದೆ ಚಾಚಿ, "ನಂದೂ ನೋಡಿಬಿಡು," ಎಂದಿದ್ದ. ಭಾಗಪ್ಪ ನಕ್ಕು, ಧಣಿಯರ ಕಾಲಿಗೆ ಬೂದಿಯ ಅಳತೆಯೇ ಸಾಕು, ಅದು ಎತ್ತಲಿಂದ ನೋಡಿದರೂ ಅಷ್ಟೇ ಅಗಲ ಎಂದ. ಆದರೂ ಹಿಡಿದು ನೋಡಿದ.

ಅಮಾವಾಸ್ಯೆಯ ಮುಂಜಾನೆ ಈರಯ್ಯನವರನ್ನು ಕರೆದುಕೊಂಡು ಎಲ್ಲರೂ ಹೊಲಕ್ಕೆ ಹೋದರು. ಜೋಳ ಕೊಯ್ದು ಮುಗಿದಿತ್ತು. ಕೂಳೆಯ ನಡುವಿನ ದಾರಿಯಲ್ಲಿ ಸುಗಲಾ ಅಜ್ಜನ ಬೆರಳು ಹಿಡಿದು ತನ್ನ ಕಾಲಿನಿಂದಲೇ ನಡೆದು ಬಂದಳು. ನೀಲಾಬಾಯಿ ಎತ್ತಿಕೊಳ್ಳಲಿಲ್ಲ. ಬನ್ನಿಮರದ ಪಕ್ಕದ ಶಿವಯೋಗೆಪ್ಪನ ಗದ್ದುಗೆಯ ಮುಂದೆ ಎಲ್ಲರೂ ಕಾಲ್ಮರಿ ಕಳೆದರು. ನೀಲಾಬಾಯಿ ಮಗಳ ಕಾಲ್ಮರಿ ಬಿಚ್ಚಲು ಬಾಗಿದಳು. ನೆಲದ ಮೇಲೆ ಒಣಗಿದ ಜಾಲಿಮುಳ್ಳು ಕಂಡು ಅವಳ ಕೈ ತಡೆಯಿತು.

"ಕಳೀಬ್ಯಾಡ," ಎಂದಳು ಗುರುಬಸವ್ವ. "ಅವರಪ್ಪ ನೋಡ್ಲಿ."

ಶಂಕ್ರೆಪ್ಪ ಈರಯ್ಯನವರ ಮುಖ ನೋಡಿದ. ಈರಯ್ಯನವರು ಕೂಸಿನ ಕಾಲು ನೋಡಿದರು, ಅದರ ಹಣೆಗೆ ವಿಭೂತಿ ಹಚ್ಚಿ, ಪತ್ರಿ ಏರಿಸಲು ಗದ್ದುಗೆಯ ಕಡೆ ತಿರುಗಿದರು. ಸುಗಲಾ ಹೆಜ್ಜೆ ಇಟ್ಟು ಹೋಗಿ, ತಂದೆಯ ಮೇಲಿನ ಮಣ್ಣಿಗೆ ಕೈ ಊರಿ ನಿಂತಳು.

ಗುರುಬಸವ್ವ ಸೊಸೆಯ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಶಿವನ, ನನ್ನ ಮಗ ನಿನ್ನ ಕಡೆ ಬರಿಗಾಲಾಗ ಬಂದಾನ. ಅಂವ ನಡೆಯೂ ದಾರ್ಯಾಗ ಮುಳ್ಳು ಬ್ಯಾಡ, ಮೊಳಿ ಬ್ಯಾಡ. ಅವನ ಕಾಲು ನಾನು ಯಾರ ಕೈಯಾಗೂ ಕೊಡಲಿಲ್ಲ. ನೀನರ ಒಮ್ಮೆ ಕೈಯಾಗ ಹಿಡದು ನೋಡು, ತಂದೆ. ಅವನ್ನ ನಿನ್ನ ಪಾದದಾಗ ಇಟಗೋ. ಅವಗ ಶಾಂತಿ ಕೊಡು."